ಚಾವಡಿಯಲ್ಲಿ ಎತ್ತದ ಭಂಡಾರ

ತಾನು ನೂತ ಉಣ್ಣೆಯ ನೂಲನ್ನು ಖಂಡಪ್ಪ ಮತ್ತೆ ಮತ್ತೆ ತಿರುಗಿ ಕಳಿಸಿದ್ದಕ್ಕೆ ಸಿಟ್ಟಾಗಿ ರೇವಮ್ಮ ತಾನೇ ಬಂದು ನಿಂತಳು.

“ಉಣ್ಣಿ ದಪ್ಪ ಆಗೇದಂತ ಹೇಳಿ ಕಳಿಸೀದಿ. ಎಲ್ಲಿ ದಪ್ಪ ಅದ, ತೋರ್ಸು ಖಂಡಪ್ಪ.”

ಕಂಬಳಿ ಮಗ್ಗದ ಕುಣಿಯಲ್ಲಿ ಕೂತಿದ್ದ ಅವನು ತಲೆ ಎತ್ತಲಿಲ್ಲ. ಎತ್ತಿದರೆ ನಗು ಹೊರಬೀಳುತ್ತಿತ್ತು. ಒಂದು ಎಳೆಯನ್ನು ಬೆಳಕಿಗೆ ಹಿಡಿದು, ಅದರಾಚೆ ಹೊಳೆಯುವ ಮೂಗುಬೊಟ್ಟನ್ನು ನೋಡಿದ.

“ಇಲ್ಲಿ ಸ್ವಲ್ಪ...”

“ನೂಲ್ ನೋಡಾಕತ್ತೀಯೋ, ನನ್ನ ಮೂಗ್ ನೋಡಾಕತ್ತೀಯೋ?”

“ಎರಡೂ ಸಣ್ಣದೇ ಅದಾವ ಬಿಡು.”

ರೇವಮ್ಮ ನಕ್ಕಳು. ನಕ್ಕವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೀದಿಯತ್ತ ನೋಡಿದಳು. ಗಂಡನಿರುವ ಹೆಂಗಸು ಪರರ ಬಾಗಿಲಲ್ಲಿ ನಗಬಾರದು.

ಗಂಡನೇನೋ ಇದ್ದ, ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಮದುವೆಯಾದ ವರ್ಷವೇ ಬೀರಲಿಂಗಪ್ಪ ಸೋಲಾಪುರದ ಗಿರಣಿಗೆ ಹೋದವನು ತಿರುಗಿ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಪಂಚರು ಬಿಡುಗಡೆಯ ಸೋಡಚೀಟಿ ಕೊಟ್ಟು ಆ ಗಂಟು ಬಿಡಿಸಿದರೆ, ಕುಲದ ರೀತಿಯಂತೆ ಉಡಿಕಿ ಎಂಬ ಮರುಮದುವೆ ಮಾಡಿಕೊಂಡು ಅವಳು ಮತ್ತೊಂದು ಮನೆ ತುಂಬಬಹುದಿತ್ತು. ಆದರೆ ಪೂಜಾರಿ ಮಾಳಿಂಗಪ್ಪನ ಮೈಮೇಲೆ ಬಂದ ದೇವರು ‘ಅವ ಬರ್ತಾನ, ಕಾಯಿ’ ಎಂದು ಹೇಳಿಕೆ ಕೊಟ್ಟಿತ್ತು. ಹೇಳಿಕೆ ಮೀರುವ ಧೈರ್ಯ ಹಿರಿಯ ಪಂಚನಿಗೆ ಸಾಯುವತನಕ ಬರಲಿಲ್ಲ.

ಈಗ ಆ ಜಾಗ ಖಾಲಿಯಾಗಿತ್ತು. ನಿಜಾಮನ ಆಳಿಕೆ ಮುಗಿದು ವರ್ಷ ತುಂಬುತ್ತಿತ್ತು. ಊರ ಮಂದಿಯೇ ಕೈ ಎತ್ತಿ ಹಿರಿಯ ಪಂಚನನ್ನು ಆರಿಸಿಕೊಳ್ಳಲಿ ಎಂದು ಹೊಸ ತಹಶೀಲ್ದಾರರು ಹೇಳಿ ಕಳಿಸಿದ್ದರು. ಪೂಜಾರಿಯ ತಮ್ಮ ದೇವೀಂದ್ರಪ್ಪ ನಿಂತಿದ್ದ. ಎದುರಿಗೆ ಖಂಡಪ್ಪ ನಿಂತಿದ್ದ.

“ನ್ಯಾಯ ಹೇಳಿ ಹೆಣ್ಣ ಒಯ್ದ ಅಂತಾರ ಮಂದಿ,” ಅಂದಳು ರೇವಮ್ಮ.

“ನಿನ್ನ ಮಾತು ಬಂದಾಗ ನಾ ಎದ್ದು ಹೊರಗ ಕೂಡ್ತೇನಿ. ಉಳಿದ ಪಂಚರು ಹೇಳ್ಲಿ. ಸಾಕ್ಷಿ ಕೇಳ್ರಿ, ದೇವರ್ನ ಕೇಳಬ್ಯಾಡ್ರಿ ಅಂತ ಅಷ್ಟೇ ಮೊದಲ ಕಟ್ಟಳಿ ಹಾಕ್ತೇನಿ. ಆಮ್ಯಾಲ ನಮಗ ಮಗ್ಗ ಸಾಕು.”

“ನಮಗ?” ಅವಳು ಆ ಮಾತನ್ನು ಮೆಲ್ಲಗೆ, ಬಿಸಿ ಹಾಲು ನಾಲಿಗೆಗೆ ಹಚ್ಚಿ ನೋಡಿದಂತೆ ಅಂದಳು. ಆಮೇಲೆ ಗಂಭೀರಳಾದಳು. “ಹೇಳಿಕಿ ಮೀರಂಗಿಲ್ಲ ಅಂತ ಆಣಿ ಮಾಡಿಸಾಕ ಮಾಳಿಂಗಪ್ಪ ನಾಳಿ ಭಂಡಾರ ತರ್ತಾನಂತ. ತಂದ್ರ ಸುಮ್ಮನ ಎತ್ತಿಬಿಡು. ಗೆಲ್ಲು. ಆಮ್ಯಾಲ ಇಬ್ಬರೂ ಕೂಡಿ ದೇವ್ರಿಗಿ ತಪ್ಪಾಯ್ತು ಅನ್ನೋಣು.”

ಖಂಡಪ್ಪ ಹಣೆಯ ಮೇಲಿನ ಹಳದಿ ಬೊಟ್ಟು ಮುಟ್ಟಿಕೊಂಡ. ದಿನಾ ಬೆಳಿಗ್ಗೆ ಅದೇ ಭಂಡಾರವನ್ನು, ದೇವರ ಆ ಅರಿಶಿನ ಪುಡಿಯನ್ನು, ಹಣೆಗೆ ಹಚ್ಚಿಕೊಳ್ಳದೆ ಅವನು ಮಗ್ಗಕ್ಕೆ ಇಳಿದವನಲ್ಲ. ಸುಳ್ಳಿಗೆ ಎತ್ತಿದವರ ಮನೆ ಉಳಿಯುವುದಿಲ್ಲ ಎಂದು ತಾಯಿ ಹೇಳಿದ್ದನ್ನು ಎಂದೂ ಅನುಮಾನಿಸಿದವನಲ್ಲ.

ಮರುದಿನ ಚಾವಡಿ ತುಂಬಿತು. ಮಾಳಿಂಗಪ್ಪ ಹಿತ್ತಾಳೆ ತಾಟಿನಲ್ಲಿ ಭಂಡಾರ ತಂದು ನಡುವೆ ಇಟ್ಟ.

“ಪಂಚ ಆಗಾವ ಇದನ್ನ ಎತ್ತಿ, ಹೇಳಿಕಿ ಮೀರಂಗಿಲ್ಲ ಅಂತ ಆಣಿ ಮಾಡ್ಬೇಕು.”

ತಹಶೀಲಿನಿಂದ ಬಂದಿದ್ದ ಗುಮಾಸ್ತ ಲಾಡ್ಲೆಸಾಬ ಕನ್ನಡಕ ಸರಿಮಾಡಿಕೊಂಡ. “ಪೂಜಾರೇರ, ಇದು ಸರ್ಕಾರಿ ಕೆಲಸ್ರಿ. ದೇವ್ರ ತಾಟು ಗುಡ್ಯಾಗ ಇಡ್ರಿ.”

“ಸಾಬ್ರ, ನಿಮ್ಮ ಸರ್ಕಾರ ಹ್ವಾದ ವರ್ಷನೇ ಹ್ವಾತು!” ಯಾರೋ ಕೂಗಿದರು. ಚಾವಡಿ ಗೊಳ್ಳೆಂದಿತು. ಲಾಡ್ಲೆಸಾಬ ಕಾಗದದ ಮೇಲೆ ಬಗ್ಗಿದ.

ದೇವೀಂದ್ರಪ್ಪ ಚಿಟಿಕೆ ಎತ್ತಿ ಹಣೆಗೆ ಹಚ್ಚಿಕೊಂಡು ಆಣೆ ಮಾಡಿದ. ತಾಟು ಖಂಡಪ್ಪನ ಮುಂದೆ ಬಂತು.

ಬೇವಿನ ಗಿಡದ ಕೆಳಗೆ ನಿಂತ ಹೆಂಗಸರ ನಡುವೆ ರೇವಮ್ಮ ಇದ್ದಳು. ಸೆರಗಿನ ಅಂಚಿನಿಂದ ಎರಡೇ ಕಣ್ಣು. ಎತ್ತು, ಎನ್ನುತ್ತಿದ್ದವು ಅವು. ನನಗಾಗಿ ಎತ್ತು.

ಅವನ ಕೈ ತಾಟಿನತನಕ ಹೋಯಿತು. ಅಲ್ಲೇ ನಿಂತಿತು.

“ಗುಡ್ಯಾಗ ಕರೀರಿ, ಒದ್ದಿ ಅರಿವ್ಯಾಗ ಬಂದು ಭಕ್ತೀಲೆ ಎತ್ತೇನಿ,” ಅಂದ. “ಚಾವಡ್ಯಾಗ ಆಣಿಗಿ ಎತ್ತಂಗಿಲ್ಲ. ನಾಳಿ ಖಾಸೀಂಬಿ ತನ್ನ ಹೊಲದ ತಕರಾರು ತಂದ್ರ, ಆಕಿಗಿ ಯಾವ ಹೇಳಿಕಿ ಕೇಳ್ಲಿ?”

“ಆಕಿ ಬರಂಗಿಲ್ಲ ಬಿಡು.”

“ಬಂದ್ರ?”

ಮಾಳಿಂಗಪ್ಪ ಮಂದಿಯತ್ತ ತಿರುಗಿದ. “ಹಾಲುಮತದವ ಭಂಡಾರಕ್ಕ ಅಂಜಿದ. ನೋಡ್ರಪಾ.”

ಖಂಡಪ್ಪನಿಗಾಗಿ ಎದ್ದ ಕೆಲವೇ ಕೈಗಳಲ್ಲೂ ಲಾಡ್ಲೆಸಾಬ ಎಣಿಸುವ ಮೊದಲೇ ಎರಡು ಇಳಿದವು. ಬೇವಿನ ಗಿಡದ ಕೆಳಗಿನ ಕಣ್ಣುಗಳು ಅಲ್ಲಿರಲಿಲ್ಲ.

ಗೆದ್ದ ದೇವೀಂದ್ರಪ್ಪ ಹೇಳಿದ ಮೊದಲ ನ್ಯಾಯವೇ ರೇವಮ್ಮನದು. ಕಾಯುವವಳು ತವರಿನಲ್ಲಿ ಯಾಕೆ ಕಾಯಬೇಕು? ನೆಲೋಗಿಗೆ ಹೋಗಿ ಅತ್ತೆಯ ಮನೆಯಲ್ಲಿ ಕಾಯಲಿ.

ಭೀಮೆಯ ದಡದಲ್ಲಿ ಅವಳ ಅಪ್ಪ ಅಂಬಿಗನನ್ನು ಕೂಗಲು ಮುಂದೆ ಹೋದ. ಗಂಟಿನ ಪಕ್ಕ ರೇವಮ್ಮ ಒಬ್ಬಳೇ ಕೂತಿದ್ದಳು. ಖಂಡಪ್ಪ ಬಂದು ದೂರದಲ್ಲೇ ನಿಂತ.

“ಒಂದ್ ಚಿಟಿಕಿ,” ಅಂದಳು ಅವಳು, ನೀರಿನತ್ತ ನೋಡುತ್ತ. “ನನ್ನ ಸಲುವಾಗಿ ಒಂದ್ ಸುಳ್ಳ ಆಗ್ಲಿಲ್ಲ ನಿನ್ನ ಕೈಲಿ.”

“ನಿನ್ನ ಸಲುವಾಗಿ ಸಾವಿರ ಸುಳ್ಳ ಹೇಳೇನಿ. ಆದ್ರ ದೇವ್ರ ಮುಂದ ಹೇಳಿದ್ದು ನಿನ್ನ ಮ್ಯಾಲೇ ಬೀಳ್ತಿತ್ತು ರೇವಿ. ನಮ್ಮ ಮಕ್ಕಳ ಮ್ಯಾಲ.”

“ಯಾವ ಮಕ್ಕಳು?”

ಅವನು ತಲೆ ತಗ್ಗಿಸಿದ. ಆಚೆ ದಡದಿಂದ ಹರಿಗೋಲು ಹೊರಟಿತ್ತು, ನೀರಿನಲ್ಲಿ ಸುತ್ತುತ್ತ, ಸಾವಕಾಶ.

“ನೀ ಎತ್ತಿದ್ರ ನಾ ಕುಣಕೋತ ಬರ್ತಿದ್ದೆ,” ಅಂದಳು. “ಸುಳ್ಳ ಆಣಿ ಅಂತ ಗೊತ್ತಿದ್ದೂ ಬರ್ತಿದ್ದೆ. ನಿನ್ನ ಮ್ಯಾಲ ಸಿಟ್ಟ ಅದ. ಸಾಯೋತನ ಇರ್ತದ.”

“ಇರ್ಲಿ. ಏನರೆ ಒಂದ್ ಇರ್ಲಿ.”

ಅವಳು ಆಗ ಅವನನ್ನು ನೋಡಿದಳು. ಸಿಟ್ಟು ಕಣ್ಣಿನ ತನಕ ಏರಿರಲೇ ಇಲ್ಲ.

ಹರಿಗೋಲು ದಡ ಮುಟ್ಟಿತು. ಅಪ್ಪ ಅಲ್ಲಿಂದಲೇ ಕೂಗಿದ. ರೇವಮ್ಮ ಎದ್ದು ಗಂಟು ತಲೆಗೇರಿಸಿದಳು.

“ಹೋಗೂಮುಂದ ಒಮ್ಮಿ ನನ್ನ ಹೆಸರು ಹಿಡದು ಕರಿ,” ಅಂದ ಖಂಡಪ್ಪ. “ನೆಪ್ಪಿಗಿ ಇರ್ತದ.”

ಅವಳು ಒಂದು ಕೈಯಲ್ಲಿ ಸೆರಗನ್ನು ಹಣೆಯ ತನಕ ಎಳೆದುಕೊಂಡಳು, ಹೊಸ ಸೊಸೆಯಂತೆ.

“ಗಂಡನ ಹೆಸರು ಹಿಡದು ಕರಿಬಾರದು,” ಅಂದಳು, ಮತ್ತು ಹರಿಗೋಲಿನತ್ತ ನೀರಿಗೆ ಇಳಿದಳು.