ಶುಕ್ರವಾರ ಸತ್ತ ಸಾಕಿಯೆಮ್ ಅಜ್ಜಿ

“ನಾನು ಸತ್ತು ಹತ್ತು ದಿನ ಆಯ್ತಂತೆ ಲಸ್ಮಿನಿ. ಯಾರು ಕೊಂದ್ರು ಅಂತ ನೀನೇ ಹೇಳ್ಬೇಕು.”

ಸಾಕಿಯೆಮ್ ಅಜ್ಜಿ ನಗುತ್ತಲೇ ಅಂದಳು. ಆ ಬೆಳಗ್ಗೆ ಹೃದಯದ ಗುಳಿಗೆಗೆಂದು ಆಸ್ಪತ್ರೆಗೆ ಹೋದರೆ, ಆಕೆಯ ಆರೋಗ್ಯ ಕಾರ್ಡು ನಿಂತುಹೋಗಿತ್ತು; ಕಂಪ್ಯೂಟರು ಆಕೆಯನ್ನು ಮೃತಳೆಂದು ತೋರಿಸಿತ್ತು.

ಲಸ್ಮಿನಿ ಆ ಜಾವಾ ಹಳ್ಳಿಯ ನಿವೃತ್ತ ಸೂಲಗಿತ್ತಿ. ಊರಿನ ಎಷ್ಟೋ ಗಂಟುಗಳನ್ನು ಬಿಡಿಸಿದವಳು. ಪ್ರತಿಸಲವೂ ಜೊತೆಗಿರುತ್ತಿದ್ದ ವಿಜ್ಞಾನದ ಮೇಷ್ಟ್ರು ಸುವೊಂಡೊ ಪುಸ್ತಕ ತೆರೆದು ಬರೆದುಕೊಳ್ಳತೊಡಗಿದ.

“ಆ ಶುಕ್ರವಾರ ಏನಾಯ್ತು?” ಎಂದು ಕೇಳಿದಳು ಲಸ್ಮಿನಿ.

“ಸರ್ಕಾರದ ಅಕ್ಕಿಗೆ ಅಂತ ಬೆಳಗ್ಗೆ ಊರ ಕಚೇರೀಲಿ ಮೂರು ಸಲ ಹೆಬ್ಬೆಟ್ಟು ಒತ್ತಿದೆ. ಯಂತ್ರಕ್ಕೆ ನನ್ನ ಗುರುತೇ ಸಿಗಲಿಲ್ಲ. ಮನೆಗೆ ಕಳಿಸಿದ್ರು. ಇನ್ನೊಂದು ವಿಚಿತ್ರ ಕೇಳು. ಮಾರನೇ ದಿನದಿಂದ ಯಾರೋ ಬಾಳೆಲೆಯಲ್ಲಿ ಇದೇ ಗುಳಿಗೆ ಸುತ್ತಿ ಬಾಗಿಲಲ್ಲಿ ಇಟ್ಟು ಹೋಗ್ತಾರೆ.”

ಊರಿನವರ ದಾಖಲೆ ತಿದ್ದುವ ಕಚೇರಿಯ ಕಂಪ್ಯೂಟರಿನ ಗುಪ್ತಪದ ಗೊತ್ತಿದ್ದವರು ಮೂವರೇ: ಊರಿನ ಮುಖ್ಯಸ್ಥ ಹರ್ಜೊ, ಗುಮಾಸ್ತ ತುಗಿಮನ್, ಗುಮಾಸ್ತೆ ಪುರ್ವಂತಿ. ಕಚೇರಿಯ ಜಗಲಿಯಲ್ಲಿ ಎಲ್ಲರೂ ಸೇರಿದರು.

“ಯಂತ್ರ ಸುಳ್ಳು ಹೇಳಲ್ಲಮ್ಮ,” ಎಂದ ಹರ್ಜೊ.

“ಹಾಗಾದ್ರೆ ಅಜ್ಜಿ ಸುಳ್ಳು ಹೇಳ್ತಾ ಉಸಿರಾಡ್ತಿದಾಳಾ?” ಎಂದಳು ಲಸ್ಮಿನಿ. “ಸಾವು ದಾಖಲಾದ ಹೊತ್ತು ಶುಕ್ರವಾರ ಹನ್ನೆರಡೂ ಹತ್ತು. ಆಗ ಊರಿನ ಗಂಡಸರೆಲ್ಲ ಮಸೀದಿಯಲ್ಲಿ. ನಿಮ್ಮನ್ನೂ ತುಗಿಮನ್‌ನನ್ನೂ ಮೇಷ್ಟ್ರು ತಮ್ಮ ಮುಂದಿನ ಸಾಲಲ್ಲೇ ನೋಡಿದಾರೆ. ಇನ್ನು ಗುಳಿಗೆ. ತಾನು ಸತ್ತಿದ್ದು ಅಜ್ಜಿಗೆ ಗೊತ್ತಾಗಿದ್ದೇ ಇವತ್ತು. ಕಾರ್ಡು ನಿಂತುಹೋಗುತ್ತೆ ಅಂತ ಶನಿವಾರಾನೇ ಗೊತ್ತಿದ್ದವರು, ಅದನ್ನ ನಿಲ್ಲಿಸಿದವರು ಮಾತ್ರ.”

ಪುರ್ವಂತಿ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು.

“ಒಬ್ಬರ ಹೆಬ್ಬೆಟ್ಟು ಬಾಕಿ ಇದ್ರೂ ಊರಿನ ಅಕ್ಕಿ ಬಿಡುಗಡೆ ಆಗಲ್ಲ. ಕಾರಣ ಕೊಡ್ಬೇಕು. ಊರು ಬಿಟ್ಟವರು ಅಂದ್ರೆ ತನಿಖೆ, ಒಂದು ವಾರ. ಸತ್ತವರು ಅಂದ್ರೆ ತಕ್ಷಣ. ಇನ್ನೂರು ಮನೆಯ ಹೆಂಗಸರು ಬಿಸಿಲಲ್ಲಿ ನಿಂತಿದ್ರು. ಸಂಜೆ ಸರಿಮಾಡೋಣ ಅಂದ್ಕೊಂಡೆ… ಸತ್ತವರನ್ನ ಬದುಕಿಸೋ ಗುಂಡಿ ಆ ಕಂಪ್ಯೂಟರಿನಲ್ಲಿ ಇಲ್ಲ.”

ಅಜ್ಜಿ ಪುರ್ವಂತಿಯ ಕಡೆ ತಿರುಗಿದಳು. “ನಿನ್ನಮ್ಮ ಕೂಸಾಗಿದ್ದ ನಿನ್ನ ಸೊಂಟಕ್ಕೆ ಕಟ್ಟಿಕೊಂಡು ತಿರುಗಿದ ಬಟ್ಟೆಗೆ ಚಿತ್ತಾರ ಬರೆದವಳು ನಾನು. ಒಂದು ಮಾತು ಹೇಳಬಾರದಿತ್ತಾ ಮಗಳೇ?”

ಹರ್ಜೊ ಅವಸರದಲ್ಲಿ, ಈಕೆ ಬದುಕಿದ್ದಾಳೆ ಎಂದು ಅರ್ಜಿ ಬರೆದು ಶಾಯಿಯ ಡಬ್ಬಿ ಮುಂದೆ ತಳ್ಳಿದ. ಅಜ್ಜಿ ಒತ್ತಿದಳು. ಬಟ್ಟೆಗೆ ಬಾಟಿಕ್ ಚಿತ್ತಾರ ಬರೆಯುತ್ತ ಬಿಸಿ ಮೇಣದ ಜೊತೆ ಐವತ್ತು ವರ್ಷ ಸವೆದ ಹೆಬ್ಬೆರಳು. ಕಾಗದದ ಮೇಲೆ ಗೆರೆಯೇ ಇಲ್ಲದ ನೀಲಿ ಕಲೆ ಮೂಡಿತು.

“ಇನ್ನೊಂದ್ಸಲ ಒತ್ತಿ ಅಜ್ಜಿ,” ಎಂದ ಹರ್ಜೊ.

ಆಕೆ ಬೆರಳು ಒರೆಸಿಕೊಂಡು ಎದ್ದಳು. “ಇಷ್ಟು ವರ್ಷ ನೀವು ಕರೆದಾಗೆಲ್ಲ ಬಂದೆ. ಇನ್ನು ಬರಲ್ಲ.”

ಮರುದಿನ ಬೆಳಗ್ಗೆ ಸುವೊಂಡೊ ಆ ದಾರಿಯಲ್ಲಿ ಹೋದಾಗ ಬಾಗಿಲಲ್ಲಿ ಬಾಳೆಲೆಯ ಪೊಟ್ಟಣವಿತ್ತು. ಒಳಗೆ ಅಜ್ಜಿ ಮೇಣ ಕಾಯಿಸುತ್ತಿದ್ದಳು. ಸಂಜೆ ಹಿಂತಿರುಗುವಾಗಲೂ ಒಳಗಿನಿಂದ ಮೇಣದ ವಾಸನೆ ಬರುತ್ತಿತ್ತು; ಪೊಟ್ಟಣ ಮಾತ್ರ ಬಿಚ್ಚದೆ ಅಲ್ಲೇ ಇತ್ತು.