ಮಠದ ಬಾಗಿಲಲ್ಲಿ ಮೂರು ಸುಳ್ಳು

"ನಾನು ನೀರಿನ ಪಂಪ್ ರಿಪೇರಿಯವನು, ಅಬೂನಾ. ಏನಾದ್ರೂ ಕೆಟ್ಟಿದ್ರೆ ಬಿಟ್ಟಿಯಾಗೇ ಮಾಡಿಕೊಡ್ತೀನಿ. ಒಳಗಿರೋ ಸನ್ಯಾಸಿಗಳ ದರ್ಶನಾನೂ ಆಗುತ್ತೆ..."

ಮಠದ ಬಾಗಿಲು ಕಾಯುವ ಸನ್ಯಾಸಿಯನ್ನು 'ಅಬೂನಾ', ತಂದೆಯೇ, ಎಂದು ಕರೆಯುತ್ತ ಯಾರೋ ಅಂಗಲಾಚುತ್ತಿದ್ದರು. ಗೋಡೆಯ ಮೂಲೆಯಲ್ಲಿ ದಮ್ಯಾನಾಳ ಕಾಲು ಗಕ್ಕನೆ ನಿಂತಿತು.

ಈ ದನಿ... ಇದು ನಮ್ಮ ಬಸ್ಸಿನ ಹಿಂದಿನ ಸೀಟಿನವನದಲ್ಲವೇ? ಬೆಳಿಗ್ಗೆಯಷ್ಟೇ, "ನಾನು ಕಟ್ಟು ಹಲ್ಲು ಮಾಡೋನು" ಎಂದು ಎಲ್ಲರನ್ನೂ ನಗಿಸಿದ್ದನಲ್ಲ!

ಅವನು ತಿರುಗಿದ. ಎದುರಿಗೆ ಅವಳು.

ಅವನದು ಅರೆಬೋಳು ತಲೆ, ಬಿಸಿಲಿಗೆ ಕೆಂಪಾದ ಮುಖ, ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗನಂಥ ಕಣ್ಣು. ಆ ಕಣ್ಣು ಚೆನ್ನಾಗಿದೆ ಎಂದು ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಕೋಪ ಬಂತು.

"ಕೇಳಿಸ್ಕೊಂಡ್ರಾ?" ಅಂದ ಮೆಲ್ಲಗೆ.

"ಶುಬ್ರಾದಲ್ಲಿ ಔಷಧಿ ಅಂಗಡಿ ನೋಡ್ಕೊಳ್ಳೋಳು ನಾನು. ಡಾಕ್ಟರ ಗೀಚು ಅಕ್ಷರ ಓದೋ ಕಣ್ಣು ಇದು. ಕಿವಿ ಅದಕ್ಕಿಂತ ಚುರುಕು."

"ದಯವಿಟ್ಟು ಯಾರಿಗೂ ಹೇಳ್ಬೇಡಿ..."

"ಯಾವ್ದನ್ನ ಹೇಳ್ಬಾರ್ದು? ಹಲ್ಲಿನ ಕಥೇನಾ, ಪಂಪಿನ ಕಥೇನಾ?"

ಅವನು ತಲೆ ತಗ್ಗಿಸಿ ಹೊರಟುಹೋದ.

ಅವನ ಹೆಸರು ಕಾರಾಸ್. ಮಲ್ಲವಿ ಊರಿನವನಂತೆ. ಇಷ್ಟು ಬಿಟ್ಟರೆ ಬಸ್ಸಿನಲ್ಲಿ ಯಾರಿಗೂ ಅವನ ವಿಷಯ ಗೊತ್ತಿರಲಿಲ್ಲ.

ಕನ್ಯಾ ಮರಿಯಮ್ಮನ ಉಪವಾಸದ ದಿನಗಳು ಬಂದರೆ ಶುಬ್ರಾದ ಅವರ ಚರ್ಚಿನಿಂದ ಪ್ರತಿ ವರ್ಷವೂ ಯಾತ್ರೆ ಹೊರಡುತ್ತದೆ. ಹೆರೋದನ ಕತ್ತಿಗೆ ಹೆದರಿ, ಹಸುಗೂಸು ಯೇಸುವನ್ನು ಎದೆಗವಚಿಕೊಂಡು ಮರಿಯಮ್ಮ ಯೋಸೇಫರು ಅಲೆದ ಹಾದಿ ಅದು. ವಾದಿ ನತ್ರೂನಿನ ಮಠಗಳಿಂದ ಶುರುವಾಗಿ ನೈಲ್ ನದಿಯ ಗುಂಟ ತೆಂಕಣಕ್ಕೆ ಹೋಗಬೇಕು. ದಮ್ಯಾನಾ ತನ್ನ ಗೆಳತಿ ನಾರ್ದೀನ್ ಜೊತೆ ಹೊರಟಿದ್ದಳು. ಯಾತ್ರೆಯ ಹಿರಿಯ ಅಂಕಲ್ ವಗೀಹ್. ಕೊನೆ ಗಳಿಗೆಯಲ್ಲಿ ಒಂದು ಸೀಟು ಖಾಲಿಯಾಯಿತು, ಕಾರಾಸ್ ಫೋನ್ ಮಾಡಿ ಅದನ್ನು ಹಿಡಿದುಕೊಂಡ.

"ಯಾರ ಕಡೆಯವನು ಅವನು?" ದಮ್ಯಾನಾ ಗೆಳತಿಯ ಕಿವಿಯಲ್ಲಿ ಕೇಳಿದಳು.

"ಯಾರ ಕಡೆಯವನೋ! ನೋಡೋಕೆ ಚೆನ್ನಾಗಿದಾನೆ, ಸಾಲ್ದಾ? ಮೂರು ಸಲ ನೀನೂ ನೋಡಿದ್ದು ನಾನು ನೋಡಿದೀನಮ್ಮಾ!"

"ಅನುಮಾನದಿಂದ ನೋಡ್ದೆ ಕಣೇ!"

"ಹೂಂ... ಹೂಂ... ಎಲ್ಲಾ ಶುರುವಾಗೋದು ಹಾಗೇ."

ನಾರ್ದೀನ್ ನಗಬಹುದು. ಅವಳಿಗೇನು! ದಮ್ಯಾನಾಳ ಅಕ್ಕ ಸಿಲ್ವಾನಾಳನ್ನು ಕಟ್ಟಿಕೊಂಡವನೂ ನೋಡಲು ಚೆನ್ನಾಗಿಯೇ ಇದ್ದ. ಕೆಲಸ ಸುಳ್ಳು, ಓದು ಸುಳ್ಳು, ಕೊನೆಗೆ ವಯಸ್ಸೂ ಸುಳ್ಳು! ಅವರ ಚರ್ಚಿನಲ್ಲಿ ಒಮ್ಮೆ ತಲೆಯ ಮೇಲೆ ಮದುವೆಯ ಕಿರೀಟ ಇಟ್ಟರೆ ಇಳಿಸುವ ಹಾಗಿಲ್ಲ, ವಿಚ್ಛೇದನವೆಂಬುದೇ ಇಲ್ಲ. ಈಗ ಅಕ್ಕ ತವರಿನಲ್ಲಿ ಕೂತಿದ್ದಾಳೆ, ಅತ್ತ ಹೆಂಡತಿಯೂ ಅಲ್ಲ, ಇತ್ತ ಕನ್ಯೆಯೂ ಅಲ್ಲ.

ಗಂಡಸಿನ ಬಾಯಿಂದ ಒಂದು ಸುಳ್ಳು ಬಂತೆಂದರೆ ದಮ್ಯಾನಾಳಿಗೆ ಅಕ್ಕನ ಬಾಡಿದ ಮುಖವೇ ಕಣ್ಣ ಮುಂದೆ ಬರುತ್ತಿತ್ತು.

*

ಮರುದಿನ ಬೆಳಿಗ್ಗೆ ಗಬಲ್ ಎಲ್ ತೇರ್ ಗುಡ್ಡ ಹತ್ತಿದರು. ಕೆಳಗೆ ನೈಲ್ ನದಿ, ಆಚೆ ಹಸಿರು ಹೊಲ. ಜನವೋ ಜನ! ತುಳಿತಕ್ಕೆ ಸಿಕ್ಕಿ, ಬಿಸಿಲಿಗೆ ಬೆಂದು ದಮ್ಯಾನಾಳಿಗೆ ಕಣ್ಣು ಕತ್ತಲಿಟ್ಟಿತು. ಬೀಳುವಷ್ಟರಲ್ಲಿ ಯಾರೋ ತೋಳು ಹಿಡಿದು ನೆರಳಿಗೆ ಕೂರಿಸಿದರು.

ಕಾರಾಸ್!

ಓಡಿ ಹೋಗಿ ಕಬ್ಬಿನ ಹಾಲು ತಂದ. "ಕುಡೀರಿ. ಮೊದಲು ಕುಡೀರಿ, ಆಮೇಲೆ ಅನುಮಾನ ಪಡಿ."

ಅವಳಿಗೆ ತಡೆಯಲಾರದೆ ನಗು ಬಂತು.

"ನಿಜ ಹೇಳಿ, ನೀವು ಹಲ್ಲು ಮಾಡೋರೇನಾ?"

"ಆಣೆಗೂ! ನೀವು ನಕ್ಕಾಗ್ಲೇ ನೋಡ್ದೆ. ಎಡಗಡೆ ಒಂದು ಹಲ್ಲು ಸ್ವಲ್ಪ ಸೊಟ್ಟ ಇದೆ. ಯಾರಾದ್ರೂ ನೆಟ್ಟಗೆ ಮಾಡ್ತೀನಿ ಅಂದ್ರೆ ಒಪ್ಕೋಬೇಡಿ. ಅದೇ ಚೆಂದ."

ಅವಳ ಕೆನ್ನೆ ಬಿಸಿಯಾಯಿತು. ಎಷ್ಟು ವರ್ಷಗಳಾಗಿದ್ದವು, ಇಷ್ಟು ಹಗುರಾಗಿ ಒಬ್ಬ ಗಂಡಸಿನ ಜೊತೆ ಮಾತಾಡಿ! 'ಬಹುಶಃ ನಾನೇ ತಪ್ಪು ತಿಳಿದೆನೇನೋ...' ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಅವನು ಎದ್ದು ಹೋದ. ಅವಳು ಚರ್ಚಿನ ಕಡೆ ನಡೆದಾಗ ಬಾಗಿಲ ಬಳಿ ಮತ್ತದೇ ಮೆಲುದನಿ ಕೇಳಿಸಿತು. ಕೈಯಲ್ಲೊಂದು ಫೋಟೋ ಹಿಡಿದು ಅವನು ಒಬ್ಬ ಸನ್ಯಾಸಿಯನ್ನು ಕೇಳುತ್ತಿದ್ದ.

"ಈ ಮುಖದವರು ಯಾವ ಮಠದಲ್ಲಾದ್ರೂ ಇದ್ದಾರಾ, ಅಬೂನಾ? ಹೆಂಡ್ತಿನ ಬಿಟ್ಟು ಓಡಿಬಂದವನು. ಪಾಪ, ಆಕೆ ಆಸ್ಪತ್ರೇಲಿ ನರಳ್ತಿದಾಳೆ..."

ದಮ್ಯಾನಾ ಅವನು ಬರುವ ದಾರಿಗೆ ಅಡ್ಡ ನಿಂತಳು.

"ಆ ಫೋಟೋದಲ್ಲಿರೋದು ಯಾರು?"

ಅವನು ಬೆಚ್ಚಿ ಫೋಟೋ ಜೇಬಿಗಿಳಿಸಿದ. "ಯಾ... ಯಾರಿಲ್ಲ. ಹಳೇ ಗೆಳೆಯ. ಪರದೇಶದಲ್ಲಿದಾನೆ. ನೆನಪಿಗೆ ಇಟ್ಕೊಂಡಿದೀನಿ ಅಷ್ಟೆ."

ಪಂಪಿನದು ಒಂದು. ಆಸ್ಪತ್ರೆಯದು ಎರಡು. ಇದು ಮೂರು! ಅದೂ ನನ್ನ ಕಣ್ಣಲ್ಲಿ ಕಣ್ಣಿಟ್ಟು!

ಎದೆಯೊಳಗೆ ಏನೋ ಮುರಿದಂತಾಯಿತು. ಹಿಂದೆಯೇ ಭಯವೂ ಬಂತು. ಯಾತ್ರೆಯ ಬಸ್ಸುಗಳ ಮೇಲೆ ಈ ದಾರಿಯಲ್ಲಿ ಗುಂಡಿನ ದಾಳಿ ನಡೆದದ್ದನ್ನು ಯಾರೂ ಮರೆತಿರಲಿಲ್ಲ. ಗುರುತಿಲ್ಲದವನೊಬ್ಬ ಮಠ ಮಠ ತಿರುಗಿ ಫೋಟೋ ತೋರಿಸುತ್ತಿದ್ದಾನೆ ಅಂದರೆ...

*

ಬಸ್ಸು ಎಲ್ ಕುಸಿಯ ಊರಿನ ಹತ್ತಿರ ಬಂದಿತ್ತು. ಎಲ್ಲರೂ ಚಪ್ಪಾಳೆ ತಟ್ಟುತ್ತ ಮರಿಯಮ್ಮನ ಹಾಡು ಹೇಳುತ್ತಿದ್ದರು. ದಮ್ಯಾನಾ ಎದ್ದು ನಿಂತಳು.

"ಅಂಕಲ್ ವಗೀಹ್, ಬಸ್ ನಿಲ್ಲಿಸಿ! ಈ ಮನುಷ್ಯ ಯಾರು ಅಂತ ಮೊದಲು ಗೊತ್ತಾಗ್ಲಿ!"

ಹಾಡು ನಿಂತಿತು, ಬಸ್ಸೂ ನಿಂತಿತು. ಅವಳು ಒಂದೂ ಬಿಡದೆ ಹೇಳಿದಳು. ಬಸ್ಸಿನಲ್ಲಿ ಗದ್ದಲವೋ ಗದ್ದಲ! ಅಂಕಲ್ ವಗೀಹ್ ಅವನ ಗುರುತಿನ ಚೀಟಿ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಹೆಸರು ಸರಿಯಾಗೇ ಇದೆ. ಏನಪ್ಪಾ ಇದೆಲ್ಲಾ? ನೀನೇ ಬಾಯಿ ಬಿಡು."

ಕಾರಾಸ್‌ನ ಮುಖ ಬಿಳಿಚಿಕೊಂಡಿತ್ತು. "ನಾನು... ನಮ್ಮಣ್ಣನ್ನ ಹುಡುಕ್ತಾ ಇದೀನಿ, ಅಂಕಲ್. ಮನೆ ಬಿಟ್ಟು ಸನ್ಯಾಸಿ ಆಗ್ಬಿಟ್ಟ. ಯಾವ ಮಠ, ಈಗೇನು ಹೆಸರು, ಒಂದೂ ಗೊತ್ತಿಲ್ಲ. ನಮ್ಮಪ್ಪ..."

"ಇದು ನಾಲ್ಕನೇ ಕಥೆ!" ದಮ್ಯಾನಾಳ ದನಿ ಸೀಳಿ ಬಂತು. "ಸಂಜೆಗೆ ಐದನೇದೂ ಬರುತ್ತೆ, ಕಾದು ನೋಡಿ!"

ಅವನು ಅವಳನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಿಮ್ಮ ತಪ್ಪಲ್ಲ. ನಾನೇ ನನ್ನ ಮಾತಿಗೆ ಬೆಲೆ ಇಲ್ಲದ ಹಾಗೆ ಮಾಡ್ಕೊಂಡೆ," ಎಂದು ಚೀಲ ಹೆಗಲಿಗೇರಿಸಿ ಇಳಿದುಬಿಟ್ಟ.

ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ಸುಡು ಬಿಸಿಲಿನ ರಸ್ತೆ, ಅದರಲ್ಲಿ ಚಿಕ್ಕದಾಗುತ್ತ ಹೋದ ಅವನು.

ಗೆದ್ದಿದ್ದಳು. ಆದರೂ ಆ ಗಾಜಿನಿಂದ ಕಣ್ಣು ಕೀಳಲಾಗಲಿಲ್ಲ.

"ಪಾಪ ಕಣೇ," ಅಂದಳು ನಾರ್ದೀನ್. "ನಿಜಾನೇ ಆಗಿದ್ರೆ?"

"ಸುಮ್ನಿರೇ..."

ಆದರೆ ಅವಳ ಮನಸ್ಸು ಸುಮ್ಮನಿರಲಿಲ್ಲ. ಭಾವನೂ ಸುಳ್ಳು ಹೇಳಿದ್ದ. ಪ್ರತಿ ಸುಳ್ಳಿನಿಂದಲೂ ಅವನಿಗೊಂದು ಲಾಭವಿತ್ತು. ಈ ಕಾರಾಸ್‌ಗೆ ಏನು ಲಾಭ? ಬಿಟ್ಟಿ ಪಂಪ್ ರಿಪೇರಿಯಿಂದ ಏನು ಸಿಗುತ್ತದೆ? ಪ್ರತಿ ಬಾಗಿಲಲ್ಲೂ ಅವನು ಬೇರೆ ಬೇರೆ ಕಥೆ ಕಟ್ಟಿದ್ದ, ನಿಜ. ಆದರೆ ಅವನಿಗೆ ಬೇಕಿದ್ದದ್ದು ಒಂದೇ: ಒಳಗಿರುವ ಸನ್ಯಾಸಿಗಳಲ್ಲಿ ಆ ಒಂದು ಮುಖ.

ಅಯ್ಯೋ ಮರಿಯಮ್ಮಾ! ಹಾಗಾದರೆ ನಾಲ್ಕನೆಯದು...

*

ಮುಹರ್ರಕ್ ಮಠದ ಹೊರಗೋಡೆಯ ನೆರಳಲ್ಲಿ ಕಾರಾಸ್ ಕೂತಿದ್ದ. ಯಾರದೋ ಗಾಡಿ ಹತ್ತಿ ಬಂದಿರಬೇಕು, ಅಂಗಿಯ ತುಂಬ ದೂಳು. ಜನ ದರ್ಶನಕ್ಕೆ ನುಗ್ಗುತ್ತಿದ್ದರು, ಇವನು ಬಾಗಿಲ ಕಡೆ ನೋಡುತ್ತಲೂ ಇರಲಿಲ್ಲ. ದಮ್ಯಾನಾ ಬಂದು ಎದುರಿಗೆ ನಿಂತಳು.

"ಒಳಗೆ ಯಾಕೆ ಹೋಗ್ಲಿಲ್ಲ?"

"ಹೋದ ವರ್ಷ ಬಂದಿದ್ದೆ. ಬಾಗಿಲು ಕಾಯೋ ಅಬೂನಾಗೆ ನನ್ನ ಗುರುತಿದೆ. ಕಂಡ್ರೆ ಓಡಿಸ್ತಾರೆ."

ಅವಳು ಅಲ್ಲೇ ನೆಲದ ಮೇಲೆ ಕೂತಳು. "ನಿಮ್ಮಪ್ಪ ಅಂತ ಶುರು ಮಾಡಿ ನಿಲ್ಲಿಸಿದ್ರಲ್ಲ. ಪೂರ್ತಿ ಹೇಳಿ. ಈ ಸಲ ನಡುವೆ ಬಾಯಿ ಹಾಕಲ್ಲ."

ಅವನು ತಡೆದು ತಡೆದು ಹೇಳಿದ. ಅಣ್ಣ ರಿಫಾತ್ ತನ್ನ ನಿಶ್ಚಿತಾರ್ಥಕ್ಕೆ ಎಲ್ಲ ಸಿದ್ಧವಾಗಿದ್ದಾಗ ಮಠ ಸೇರಿಬಿಟ್ಟ. ಊರ ಮುಂದೆ ತಲೆ ತಗ್ಗಿಸಿದ ಅಪ್ಪ, "ಅವನು ನನ್ನ ಪಾಲಿಗೆ ಸತ್ತ, ನನ್ನ ಹೆಣ ಮುಟ್ಟೋಕೂ ಬರಕೂಡ್ದು" ಅಂದುಬಿಟ್ಟರು. ಆದರೆ ಸಾಯುವಾಗ ಕಾರಾಸ್‌ನ ಕೈ ಹಿಡಿದು, "ರಿಫಾತ್‌ಗೆ ಹೇಳೋ, ನನಗೀಗ ಕೋಪ ಇಲ್ಲ ಅಂತ. ಅವನು ಹೋಗಿದ್ದು ಒಳ್ಳೇ ಕಡೆಗೇ ಅಂತ" ಎಂದು ಕಣ್ಣು ಮುಚ್ಚಿದರು.

"ಅಪ್ಪ ಹೋಗಿದ್ದೂ ಅವನಿಗೆ ಗೊತ್ತಿಲ್ಲ. ಇನ್ನೂ ಅದೇ ಶಾಪ ಹೊತ್ಕೊಂಡು ಬದುಕ್ತಿದಾನೆ. ಮೊದ್ಲು ನಿಜಾನೇ ಹೇಳ್ಕೊಂಡು ಹೋದೆ. 'ಸನ್ಯಾಸಿಗೆ ಮನೆ ಇಲ್ಲ ಮಗನೇ' ಅಂತ ಬಾಗಿಲು ಹಾಕಿದ್ರು. ಆಮೇಲೆ ಬಾಯಿಗೆ ಬಂದದ್ದೆಲ್ಲ ಹೇಳ್ದೆ..."

ದಮ್ಯಾನಾಳ ಕಣ್ಣಲ್ಲಿ ನೀರು ತುಳುಕಿತು. ಒರೆಸಿಕೊಂಡು ಎದ್ದಳು.

"ಆ ಫೋಟೋ ಕೊಡಿ ಇಲ್ಲಿ."

ಬಾಗಿಲು ಕಾಯುತ್ತಿದ್ದ ಮುದುಕ ಸನ್ಯಾಸಿ ಫೋಟೋ ಕಂಡದ್ದೇ ಮುಖ ಗಂಟಿಕ್ಕಿದರು.

"ಹೋದ ವರ್ಷ ಈ ಫೋಟೋ ಹಿಡ್ಕೊಂಡು ಬಂದೋನ ಕಡೆಯವಳಾ ನೀನು? ಪಂಪ್ ಸರಿ ಮಾಡ್ತೀನಿ ಅಂತ ಬಂದಿದ್ದ. ನಂಬಿ ಒಳಗೆ ಬಿಟ್ಟೆ. ಸುಮಾರಾಗಿ ಓಡ್ತಿದ್ದ ಪಂಪನ್ನ ಪೂರ್ತಿ ಕೆಡಿಸಿಟ್ಟು ಹೋದ! ವಾರವೆಲ್ಲ ಬಾವಿಯಿಂದ ನೀರು ಸೇದಿದೀವಿ!"

"ಅವರು ಹಲ್ಲು ಮಾಡೋರು, ಅಬೂನಾ."

"ಹಲ್ಲು ಮಾಡೋನಿಗೆ ನಮ್ಮ ಪಂಪಿನಲ್ಲೇನು ಕೆಲಸ?"

ಅವಳು ಎಲ್ಲವನ್ನೂ ಹೇಳಿದಳು. ತಾನು ಬಸ್ಸಿನಲ್ಲಿ ಅವನ ಮಾನ ಕಳೆದದ್ದನ್ನೂ ಮುಚ್ಚಿಡಲಿಲ್ಲ. "ಅಣ್ಣನ್ನ ಕಳ್ಸಿ ಅಂತ ನಾವು ಕೇಳ್ತಿಲ್ಲ. ಅವರು ಎಲ್ಲಿದ್ದಾರೆ ಅಂತಾನೂ ಹೇಳ್ಬೇಡಿ. ಸತ್ತುಹೋದ ಅಪ್ಪನ ಒಂದು ಮಾತು ದಾರೀಲೇ ನಿಂತುಬಿಟ್ಟಿದೆ, ಅಬೂನಾ. ಅದನ್ನ ನೀವೇ ಮುಟ್ಟಿಸಿ. ನಾವು ಹೊರಗಿಂದಾನೇ ವಾಪಸ್ ಹೋಗ್ತೀವಿ."

ಮುದುಕರು ಗಡ್ಡ ನೀವಿಕೊಂಡರು.

"ಇಲ್ಲಿಗೆ ಬರೋರೆಲ್ಲ ಮಗನ್ನ, ತಮ್ಮನ್ನ ಕರ್ಕೊಂಡು ಹೋಗೋಕೇ ಬರ್ತಾರಮ್ಮಾ. ಕೊಟ್ಟು ಹೋಗೋಕೆ ಬಂದವರನ್ನ ಇವತ್ತೇ ನೋಡಿದ್ದು."

ಫೋಟೋ ತೆಗೆದುಕೊಂಡು ಒಳಗೆ ಹೋದರು. ಇದ್ದಾನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ದಮ್ಯಾನಾ ಹೊರಗೆ ಬಂದು ಕಾರಾಸ್‌ನ ಪಕ್ಕ ನಿಂತಳು. ಕಾದರು. ಬಸ್ಸಿನವರೆಲ್ಲ ದರ್ಶನ ಮುಗಿಸಿ ಬಂದರು. ಅಂಕಲ್ ವಗೀಹ್ ಏನೋ ಕೇಳಲು ಹೋದಾಗ ನಾರ್ದೀನ್ ಅವರ ಕೈ ಜಗ್ಗಿ ಸುಮ್ಮನಾಗಿಸಿದಳು.

ಕೊನೆಗೆ ಬಾಗಿಲಲ್ಲಿ ಒಬ್ಬ ಸನ್ಯಾಸಿ ಕಾಣಿಸಿಕೊಂಡ. ತೆಳ್ಳಗಿನ ಮೈ, ಉದ್ದ ಗಡ್ಡ. ಪೂಜೆಯ ರೊಟ್ಟಿಗೆ ಹಿಟ್ಟು ನಾದುತ್ತಿದ್ದವನು ಹಾಗೆಯೇ ಎದ್ದು ಬಂದಿರಬೇಕು, ಮೊಣಕೈವರೆಗೂ ಹಿಟ್ಟು.

ಕಾರಾಸ್ ಎದ್ದ.

"ಏನೋ ಇದು..." ಸನ್ಯಾಸಿ ಅವನ ತಲೆಯನ್ನೇ ನೋಡಿದ. "ತಲೆಕೂದ್ಲೆಲ್ಲ ಎಲ್ಲಿ ಹೋಯ್ತೋ ನಿಂದು?"

"ನಿನ್ನ ಹುಡುಕಿ ಹುಡುಕಿ ಉದುರಿಹೋಯ್ತು, ಅಣ್ಣಾ!"

ತಬ್ಬಿಕೊಂಡರು. ಕಾರಾಸ್‌ನ ಬೆನ್ನ ಮೇಲೆ ಹಿಟ್ಟಿನ ಬೆರಳುಗಳು ಮೂಡಿದವು. "ಕೋಪ ಇಲ್ಲ ಅಂದ್ರಾ? ಅಪ್ಪಾನೇ ಅಂದ್ರಾ? ಇನ್ನೊಂದ್ಸಲ ಹೇಳೋ..." ಎಂದು ರಿಫಾತ್ ಮಗುವಿನ ಹಾಗೆ ಕೇಳುತ್ತಿದ್ದ. ಕಾರಾಸ್ ಮತ್ತೆ ಮತ್ತೆ ಹೇಳುತ್ತಿದ್ದ. ದಮ್ಯಾನಾ ಮುಖ ತಿರುಗಿಸಿ ನಿಂತು ಅಳುತ್ತಿದ್ದಳು.

*

ಉಪವಾಸ ಮುಗಿಯಿತು. ಕಾರಾಸ್ ವಾರಕ್ಕೊಮ್ಮೆ ಅವಳ ಔಷಧಿ ಅಂಗಡಿಗೆ ಬರತೊಡಗಿದ. ತಲೆನೋವಿನ ಮಾತ್ರೆ ಕೇಳುತ್ತಿದ್ದ, ತೆಗೆದುಕೊಳ್ಳದೆ ಮರೆತು ಹೋಗುತ್ತಿದ್ದ. ಒಂದು ದಿನ ಧೈರ್ಯ ಮಾಡಿ, "ಮನೆಗೆ ಬಂದು ಹೆಣ್ಣು ಕೇಳ್ಲಾ?" ಅಂದ.

"ಮೊದ್ಲು ನಾನು ನಿಮ್ಮೂರಿಗೆ ಬಂದು ವಿಚಾರಿಸ್ತೀನಿ," ಅಂದಳು ದಮ್ಯಾನಾ. "ನೆರೆಯವರನ್ನ, ಕ್ಷೌರದವರನ್ನ, ಪಾದ್ರಿಗಳನ್ನ. ಒಬ್ಬರನ್ನೂ ಬಿಡಲ್ಲ."

"ಬನ್ನಿ. ಎಲ್ಲರ ಮನೇನೂ ನಾನೇ ತೋರಿಸ್ತೀನಿ!"

ಹೇಳಿದಂತೆ ತಾಯಿಯನ್ನು ಕರೆದುಕೊಂಡು ಮಲ್ಲವಿಗೆ ಹೋದಳು. ಬೀದಿ ಬೀದಿ ತಿರುಗಿ ವಿಚಾರಿಸಿದಳು. ಊರವರಿಗೆ ತಮಾಷೆಯೋ ತಮಾಷೆ. ಸಂಜೆ ನದಿಯ ದಂಡೆಗೆ ಬಂದಾಗ ಕಾರಾಸ್ ಪರೀಕ್ಷೆ ಬರೆದ ಹುಡುಗನ ಹಾಗೆ ಕಾಯುತ್ತಿದ್ದ.

"ಏನಂದ್ರು?"

"ಹಲ್ಲು ಚೆನ್ನಾಗಿ ಮಾಡ್ತಾನೆ ಅಂದ್ರು. ಸುಳ್ಳು ಹೇಳೋಕೆ ಮಾತ್ರ ಬರಲ್ಲ, ಹೇಳಿದ್ರೆ ಸಿಕ್ಕಿಬೀಳ್ತಾನೆ ಅಂದ್ರು. ನಿಮ್ಮಮ್ಮ ಮಾತ್ರ ಏನೂ ಹೇಳ್ಲಿಲ್ಲ. ನನ್ನ ಕೈ ಹಿಡ್ಕೊಂಡು ಅತ್ತರು ಅಷ್ಟೆ..."

"ಈಗ ನನ್ನ ನಂಬ್ತೀಯಾ, ದಮ್ಯಾನಾ?"

ಮೊದಲ ಸಲ 'ನೀನು' ಅಂದಿದ್ದ. ಅವಳು ನೀರನ್ನೇ ನೋಡುತ್ತಿದ್ದಳು. ಸುಳ್ಳು ಹೇಳಲು ಅವಳಿಗೂ ಬರುತ್ತಿರಲಿಲ್ಲ.

"ಪೂರ್ತಿ ಇಲ್ಲ. ನಂಗೆ ಹೊತ್ತು ಬೇಕು. ಮದ್ವೆ ಆದ್ಮೇಲೂ ಆಗಾಗ ಕೇಳ್ತೀನಿ. ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ಇದ್ದೆ ಅಂತ. ತಡ್ಕೋಬೇಕು."

"ಸಾಯೋವರೆಗೂ ಕೇಳು. ಸಾಯೋವರೆಗೂ ಹೇಳ್ತೀನಿ." ಅವನು ಸ್ವಲ್ಪ ತಡೆದು, ಅಳುಕುತ್ತ ಕೇಳಿದ, "ಮತ್ತೆ... ಪ್ರೀತಿ?"

ಅವಳು ತಿರುಗಿ ನಕ್ಕಳು.

"ಅದರಲ್ಲಿ ಅನುಮಾನ ಇಲ್ಲ, ಕಾರಾಸ್."