ಅಜ್ಜಿಯ ಫೋಟೋದ ಕೆಳಗಿನ ಉದ್ದ ಸಾಲು

“ನೀ ಸುಮ್ನಿರು, ಸಂಪದಾ ಓದ್ಲಿ,” ಎಂದು ಬಾಜೂಮನೆಯ ರಸೂಲಸಾಬ ಕಾಕಾ ಹಲೀಮಾಳ ಕೈಯಿಂದ ಪೇಪರು ತೆಗೆದುಕೊಂಡ.

ಇಂಗ್ಲಿಷ್ ಪೇಪರಿನಲ್ಲಿ ಅಜ್ಜಿ ಜುಲೇಖಾಬಿಯ ಫೋಟೋ ಬಂದಿತ್ತು. ಬಾಚಣಿಗೆಯಂಥ ಕಬ್ಬಿಣದ ಪಂಜಾ ಹಿಡಿದು ಜಮಖಾನೆಯ ನೂಲು ಬಡಿಯುತ್ತಿರುವ ಫೋಟೋ. ಅಜ್ಜಿ ಯಾರದು? ಹಲೀಮಾಳದು. ಓದಿ ಹೇಳುವ ಮಾನ ಯಾರಿಗೆ? ಓಣಿಯ ಆ ತುದಿಯ ಬ್ಯಾಂಕ್ ಸಾಹೇಬರ ಮಗಳು ಸಂಪದಾಗೆ! ಶಾಲೆಯ ಪ್ರಾರ್ಥನೆಯಲ್ಲಿ ದಿನಾ ಇಂಗ್ಲಿಷ್ ಸುದ್ದಿ ಓದುವವಳು ಅವಳೇ. ಇಲ್ಲಿಯೂ ಅವಳೇ ಬೇಕೇ?

ಸಂಪದಾ ಚಕ್ಕಳಮಕ್ಕಳ ಹಾಕಿ ಕುಳಿತು ಓದತೊಡಗಿದಳು. ಒಂದು ಸಾಲು ಇಂಗ್ಲಿಷ್, ಒಂದು ಸಾಲು ಕನ್ನಡ. ನವಲಗುಂದ, ಹತ್ತಿ ನೂಲು, ನವಿಲಿನ ಚಿತ್ತಾರ, ಎಲ್ಲ ಸರಾಗ. ಅಜ್ಜಿ ಅವಳಿಗೆ ಚಹಾ ಕೊಟ್ಟಳು, ಜೊತೆಗೆ ಖಾರಿ ಬಿಸ್ಕೀಟು ಬೇರೆ. ಹಲೀಮಾಗೆ ಕಾಕಾನ ಖಾಲಿ ಕಪ್ಪು ಎತ್ತಿಡುವ ಕೆಲಸ.

ಅಷ್ಟರಲ್ಲಿ ಸಂಪದಾ ತಡವರಿಸಿದಳು. ಫೋಟೋದ ಕೆಳಗಿನ ಸಾಲು ಮುಗಿಯುತ್ತಲೇ ಇರಲಿಲ್ಲ. ಕಾಮಾ, ಮತ್ತೆ ಕಾಮಾ, ಫುಲ್‌ಸ್ಟಾಪ್ ಎಲ್ಲೋ ಕೆಳಗೆ. ಪದ್ಧತಿ ಅಂತ ಇದೆ, ಸೊಸೆ ಅಂತ ಇದೆ, ಮಗಳು, ಮೊಮ್ಮಗಳು ಅಂತಲೂ ಇದೆ, ಒಂದಕ್ಕೊಂದು ಕೂಡುತ್ತಿಲ್ಲ ಎಂದಳು.

ಹಲೀಮಾಗೆ ಒಳಗೊಳಗೇ ಎಂಥಾ ಖುಷಿ! “ಕೊಡಿಲ್ಲೆ,” ಎಂದು ಕಸಿದುಕೊಂಡಳು.

ಓದಿದರೆ ಅವಳಿಗೂ ಬರೀ ಗಂಟು. ಆದರೆ ಆ ಪದ್ಧತಿ ಯಾವುದೆಂದು ಅವಳಿಗೆ ಗೊತ್ತಿತ್ತು. ಈ ಮನೆಯಲ್ಲಿ ಮಗ್ಗದ ಕೆಲಸವನ್ನು ಸೊಸೆಗೆ ಮಾತ್ರ ಕಲಿಸುತ್ತಾರೆ. ಹೆಣ್ಣುಮಕ್ಕಳು ಮದುವೆಯಾಗಿ ಹೋಗುವವರು, ಅವರ ಜೊತೆ ಕಸುಬೂ ಹೋಗುತ್ತದೆ ಅಂತ. ಅದಕ್ಕೇ ಮಗ್ಗ ಮುಟ್ಟಿದಾಗಲೆಲ್ಲ ಅಜ್ಜಿ ಅವಳನ್ನು ಗದರಿಸಿ ಎಬ್ಬಿಸುತ್ತಿದ್ದಳು. ಇದ್ದೊಬ್ಬ ಸೊಸೆ ಹಲೀಮಾಳ ಅಮ್ಮಿ. ಅಂಗನವಾಡಿ ಟೀಚರ್ ಆದ ಆಕೆ ಮಗ್ಗಕ್ಕೆ ಕೂತವಳೇ ಅಲ್ಲ.

ಒಂದೊಂದು ಕಾಮಾದ ಹತ್ತಿರ ನಿಂತು ಯೋಚಿಸಿ ಹಲೀಮಾ ಮುಂದೆ ಹೋದಳು. ಕೊನೆಗೆ ಬರುವಾಗ ಅವಳ ದನಿ ಸಣ್ಣದಾಯಿತು.

“ಮಗಳಿಗೆ ಕಲಿಸೂ ಪದ್ಧತಿ ಇಲ್ಲಂದ್ರೂ, ಸೊಸಿ ಮಗ್ಗಕ್ಕ ಕುಂದ್ರಾಕ ಒಲ್ಲೆ ಅಂದಿದ್ದಕ್ಕ... ಜುಲೇಖಾಬಿ ಅವರು, ಮೊಮ್ಮಗಳು ತಾನಾಗಿ ಕೇಳಿದ್ರ ಆಕೀಗೆ ಕಲಿಸ್ತಾರಂತ.”

ಪೇಪರಿನವರಿಗೆ ಹೇಳಿದ್ದನ್ನು ಅಜ್ಜಿ ಮನೆಯಲ್ಲಿ ಹೇಳಿರಲೇ ಇಲ್ಲ.

“ದಾದಿಮಾ, ನನಗ ಕಲಿಸ್ತೀಯೇನು?”

ಅಜ್ಜಿ ಮಗ್ಗದ ಹಲಗೆಯ ಮೇಲೆ ಸರಿದು ಜಾಗ ಬಿಟ್ಟಳು. ಹಲೀಮಾ ಕುಳಿತೊಡನೆ ಪಂಜಾ ಅವಳ ಕೈಗಿಟ್ಟಳು. ಎಷ್ಟು ಭಾರ ಅದು!

ತಲೆಯೆತ್ತಿದಾಗ ಸಂಪದಾ ಆ ಪಂಜಾವನ್ನೇ ನೋಡುತ್ತಿದ್ದಳು. ಅವಳ ಚಹಾ ಆರಿಹೋಗಿತ್ತು. ಆ ನೋಟ ಹಲೀಮಾಗೆ ಚೆನ್ನಾಗಿ ಗೊತ್ತು. ಪ್ರಾರ್ಥನೆಯ ಹೊತ್ತಿನಲ್ಲಿ ಸಾಲಿನಲ್ಲಿ ನಿಂತು ತಾನು ಅವಳನ್ನು ದಿನಾ ನೋಡುತ್ತಿದ್ದುದು ಹಾಗೆಯೇ.

ಹಲೀಮಾ ಪೇಪರನ್ನು ಅವಳತ್ತ ಚಾಚಿದಳು.

“ಮುಂದಿಂದು ನೀನ ಓದವಾ. ನನ್ನ ಕೈ ಖಾಲಿ ಇಲ್ಲ.”